ನಾನು ನಕ್ಕ ಒಂದು ಸರಿಯುತ್ತರ

ನಿವೃತ್ತನಾದ ಮೇಲೆ ಹಳೆಯ ತಪ್ಪುಗಳು ಹೆಚ್ಚಾಗಿ ನೆನಪಿಗೆ ಬರುತ್ತವೆ. ಅಂಥದೊಂದನ್ನು ಇಂದು ಬರೆಯುತ್ತಿದ್ದೇನೆ.

ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದ ಬಾಲಕನೊಬ್ಬ, ಕುದುರೆಯೇರಿದ ಯೋಧನೆಂಬ ಅರ್ಥದ ‘ನೈಟ್’ ಪದವನ್ನು ಅಕ್ಷರಗಳಿದ್ದಂತೆಯೇ ‘ಕ್ನಿಘ್ಟ್’ ಎಂದು ಓದಿದ. ತರಗತಿ ನಕ್ಕಿತು, ನಾನೂ ನಕ್ಕೆ. ‘ರಾತ್ರಿಗೂ ಯೋಧನಿಗೂ ಉಚ್ಚಾರ ಒಂದೇ ಏಕೆ ಸಾರ್?’ ಎಂದು ಅವನು ಕೇಳಿದಾಗ, ‘ಅದು ಇರುವುದೇ ಹಾಗೆ, ಬಾಯಿಪಾಠ ಮಾಡು’ ಎಂದುಬಿಟ್ಟೆ. ಆ ವರ್ಷ ಅವನು ಮತ್ತೆ ಓದಲು ತಾನಾಗಿ ಎದ್ದು ನಿಲ್ಲಲಿಲ್ಲ.

ಅವನ ಪ್ರಶ್ನೆಗೆ ಉತ್ತರವಿದ್ದುದು ಇತಿಹಾಸದಲ್ಲಿ. ಹಳೆಯ ಇಂಗ್ಲಿಷಿನಲ್ಲಿ ‘ಕ್ನಿಹ್ಟ್’ ಎಂದರೆ ಬಾಲಕ ಅಥವಾ ಸೇವಕ. ‘ನಿಹ್ಟ್’ ಎಂದರೆ ರಾತ್ರಿ. 14ನೆಯ ಶತಮಾನದ ಕವಿ ಚಾಸರನ ‘ಕ್ಯಾಂಟರ್‌ಬರಿ ಟೇಲ್ಸ್’ನ ಮೊದಲ ಕಥೆಯೇ ಯೋಧನದು. ಆ ಕಾಲದವರು ಆ ಪದದ ಮೊದಲ ‘ಕ’ಕಾರವನ್ನೂ ನಡುವಿನ ಗಂಟಲ ಧ್ವನಿಯನ್ನೂ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದನು. ಮುದ್ರಣದೊಂದಿಗೆ ಕಾಗುಣಿತ ಕ್ರಮೇಣ ಸ್ಥಿರವಾಯಿತು; ನಾಲಿಗೆ ಮಾತ್ರ ಮುಂದೆ ಸಾಗಿತು. ದೀರ್ಘ ಸ್ವರಗಳು ಸ್ಥಾನ ಬದಲಿಸಿದವು, ಗಂಟಲ ಧ್ವನಿ ಅಳಿಯಿತು, ಕೊನೆಗೆ ‘ಕ’ಕಾರವೂ ಮೌನವಾಯಿತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಹಳೆಯ ಕಾಗುಣಿತಕ್ಕೆ ಮತ್ತಷ್ಟು ಬಲ ಕೊಟ್ಟಿತು.

ಹೊರಗಿನಿಂದ ಬಂದ ಪದಗಳಿಂದಲೂ ಈ ತೊಡಕು ಬೆಳೆಯಿತು. ‘ರೇನ್’ ಎಂಬ ಒಂದೇ ಉಚ್ಚಾರಕ್ಕೆ ಮೂರು ಪದಗಳಿವೆ. ಮಳೆಯೆಂಬುದು ಅಚ್ಚ ಇಂಗ್ಲಿಷಿನದು. ಆಳ್ವಿಕೆ ಮತ್ತು ಲಗಾಮು ಎಂಬ ಅರ್ಥದವು 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನಿಂದ ಬಂದವು. ಲಗಾಮು ಸಡಿಲಬಿಡುವುದೆಂಬ ಚಿತ್ರದಿಂದ ಹುಟ್ಟಿದ ‘ಫ್ರೀ ರೇನ್’ ಎಂಬ ನುಡಿಗಟ್ಟನ್ನು ಇಂದು ಇಂಗ್ಲಿಷರಲ್ಲಿಯೇ ಹಲವರು ಆಳ್ವಿಕೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಕುದುರೆ ಸವಾರಿ ನಿತ್ಯಜೀವನದಿಂದ ಮರೆಯಾದುದರಿಂದ ನುಡಿಗಟ್ಟಿನ ಚಿತ್ರವೂ ಮಸುಕಾಯಿತು. ‘ಲಗಾಮು ಸಡಿಲಬಿಟ್ಟ’ ಎನ್ನುವ ನಮ್ಮ ಮಕ್ಕಳಿಗೆ ಇದನ್ನು ಒಂದು ಮಾತಿನಲ್ಲಿ ತಿಳಿಸಬಹುದಿತ್ತು.

ನಮ್ಮ ಕನ್ನಡವೂ ಇಂಥ ಹಾದಿಯನ್ನೇ ಹಾದುಬಂದಿದೆ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಶಕಟರೇಫದ ಧ್ವನಿ ಬಾಯಿಂದ ಮರೆಯಾದ ಮೇಲೆ ನಾವು ಅದರ ಅಕ್ಷರವನ್ನೂ ಬಿಟ್ಟೆವು. ಎರಡೂ ‘ಅರಿ’ಯೇ ಆದವು. ಇಂಗ್ಲಿಷರು ಧ್ವನಿಯನ್ನು ಕಳೆದುಕೊಂಡರೂ ಅಕ್ಷರವನ್ನು ಉಳಿಸಿಕೊಂಡರು. ನಮ್ಮಲ್ಲಿ ಕಲಿಯುವವನಿಗೆ ಓದು ಸುಲಭವಾಯಿತು. ಅವರಲ್ಲಿ ಪದದ ಪೂರ್ವಚರಿತ್ರೆ ಕಣ್ಣಿಗೆ ಕಾಣುವಂತೆ ಉಳಿಯಿತು.

ಇಂದಿನ ಉಚ್ಚಾರದಲ್ಲಿ ಆ ಬಾಲಕ ತಪ್ಪಿದ್ದ, ನಿಜ. ಆದರೆ ಚಾಸರನ ಕಿವಿಗೆ ಅವನ ಓದು ನನ್ನ ಓದಿಗಿಂತ ಹತ್ತಿರವಾಗಿತ್ತು. ಬಿ.ಎಡ್. ತರಬೇತಿಯಲ್ಲಿ ತಪ್ಪು ತಿದ್ದುವುದನ್ನು ಕಲಿತಿದ್ದೆ. ತಪ್ಪಿನೊಳಗಿನ ತರ್ಕವನ್ನು ಕೇಳಿಸಿಕೊಳ್ಳುವುದನ್ನು ತಡವಾಗಿ ಕಲಿತೆ. ಅವನು ಇದನ್ನು ಓದುತ್ತಿದ್ದರೆ ಒಂದು ಮಾತು: ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪ, ನನ್ನ ನಗು ತಪ್ಪಾಗಿತ್ತು.