ವಾಲ್ವ್ ಇಲ್ಲದ ಡೀಸೆಲ್: ನೇಪಿಯರ್ ಡೆಲ್ಟಿಕ್

ಈ ಎಂಜಿನ್ನಿಗೆ ವಾಲ್ವೂ ಇಲ್ಲ, ಸಿಲಿಂಡರ್ ಹೆಡ್ಡೂ ಇಲ್ಲ. ಪ್ರತಿ ಸಿಲಿಂಡರಿನೊಳಗೆ ಎರಡು ಪಿಸ್ಟನ್‌ಗಳು ಎದುರುಬದುರಾಗಿ ಓಡುತ್ತವೆ. ನಡುವೆ ಸಿಕ್ಕಿ ಒತ್ತಿಹೋದ ಗಾಳಿಗೆ ಡೀಸೆಲ್ ಸಿಂಪಡಿಸಿದೊಡನೆ ಅದು ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಗೋಡೆಯಲ್ಲಿ ಒಂದು ಬದಿಗೆ ಗಾಳಿಯ ಕಿಂಡಿಗಳು, ಇನ್ನೊಂದು ಬದಿಗೆ ಹೊಗೆಯ ಕಿಂಡಿಗಳು. ಅವನ್ನು ತೆರೆದು ಮುಚ್ಚುವ ಕೆಲಸ ಪಿಸ್ಟನ್‌ಗಳದ್ದೇ. ಹೊಗೆಯ ಬದಿಯ ಪಿಸ್ಟನ್ 20 ಡಿಗ್ರಿ ಮುಂದಿರುವುದರಿಂದ ಹೊಗೆಗೆ ಮೊದಲು ದಾರಿಯಾಗುತ್ತದೆ. ಹಿಂದೆಯೇ ಬ್ಲೋವರಿನ ಗಾಳಿ ನುಗ್ಗಿ ಉಳಿದದ್ದನ್ನು ಗುಡಿಸಿಹಾಕುತ್ತದೆ.

ಸಿಲಿಂಡರ್‌ಗಳನ್ನು ತ್ರಿಕೋನವಾಗಿ ಜೋಡಿಸಿ, ಮೂರು ಮೂಲೆಗಳಿಗೂ ಒಂದೊಂದು ಕ್ರ್ಯಾಂಕ್‌ಶಾಫ್ಟ್ ಕೊಡಲಾಗಿದೆ. ಮೂರೂ ಒಂದೇ ದಿಕ್ಕಿಗೆ ತಿರುಗಿದರೆ ಪಿಸ್ಟನ್‌ಗಳ ಲಯ ಕೂಡಿಬರುವುದಿಲ್ಲ. ಬ್ರಿಟಿಷ್ ನೌಕಾಡಳಿತದ ಹರ್ಬರ್ಟ್ ಪೆನ್‌ವಾರ್ಡನ್ ಸೂಚಿಸಿದ ಪರಿಹಾರ ಸರಳ, ಅದ್ಭುತ: ಒಂದು ಶಾಫ್ಟನ್ನು ಉಲ್ಟಾ ತಿರುಗಿಸುವುದು.

18 ಸಿಲಿಂಡರ್, 36 ಪಿಸ್ಟನ್‌ಗಳ ಡೆಲ್ಟಿಕ್ ಹುಟ್ಟಿದ್ದು ನೌಕಾಪಡೆಯ ವೇಗದ ದೋಣಿಗಳಿಗಾಗಿ. ತೂಕಕ್ಕೆ ಹೋಲಿಸಿದರೆ ಇದರ ಶಕ್ತಿ ಅಂದಿನ ಡೀಸೆಲ್‌ಗಳಲ್ಲಿ ಅಪರೂಪ. 1961–62ರಲ್ಲಿ ಬಂದ 22 ರೈಲು ಎಂಜಿನ್‌ಗಳು ಇಂಥ ಎರಡೆರಡನ್ನು ಹೊತ್ತು, 3,300 ಅಶ್ವಶಕ್ತಿಯಲ್ಲಿ, ಲಂಡನ್–ಎಡಿನ್‌ಬರೋ ದಾರಿಯಲ್ಲಿ ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡಿದವು. ದುರಸ್ತಿ ಮಾತ್ರ ದುಬಾರಿ. ಬಿಚ್ಚಿ ಸರಿಪಡಿಸಲು ವಿಶೇಷ ಕಾರ್ಯಾಗಾರವೇ ಬೇಕಿತ್ತು. 1981ರ ಕೊನೆಗೆ ಇವುಗಳ ನಿತ್ಯದ ಓಡಾಟ ನಿಂತಿತು.