ಗ್ಯಾಸ್‌ಲೈಟಿನ ಹೊಟ್ಟೆಯೊಳಗೆ ಏನಿತ್ತು?

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅರವತ್ತು ದಾಟಿದ ಹಿರಿಯರಿಗೆ ಗ್ಯಾಸ್‌ಲೈಟು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಸಿಂಬಿ, ಅದರ ಮೇಲೆ ಸುಯ್‌ಗುಡುವ ದೀಪ ಹೊತ್ತು ಸಾಲಾಗಿ ನಡೆಯುತ್ತಿದ್ದ ಆಳುಗಳು, ಬೆಳಗಿನವರೆಗೆ ನಡೆಯುತ್ತಿದ್ದ ನಾಟಕದ ರಂಗಕ್ಕೆ ಎರಡು ಕಡೆ ತೂಗುಹಾಕಿದ ದೀಪಗಳು, ಬೆಳಕು ಮಂಕಾದಾಗ ಪಾತ್ರಧಾರಿಯನ್ನೂ ಲೆಕ್ಕಿಸದೆ ರಂಗಕ್ಕೇ ಹತ್ತಿ ಪಂಪು ಹೊಡೆಯುತ್ತಿದ್ದ ಲೈಟಿನವನು - ಇವೆಲ್ಲ ಅವರು ಕಣ್ಣಾರೆ ಕಂಡದ್ದು. ವಿಚಿತ್ರವೆಂದರೆ, ಈ 'ಗ್ಯಾಸ್‌ಲೈಟಿ'ಗೆ ಹಾಕುತ್ತಿದ್ದುದು ಸೀಮೆಎಣ್ಣೆ. ಹಾಗಾದರೆ ಗ್ಯಾಸ್ ಎಲ್ಲಿತ್ತು?

ಜನ ಇಟ್ಟ ಹೆಸರು ತಪ್ಪಲ್ಲ. ಆ ದೀಪದ ಹೊಟ್ಟೆಯೊಳಗೆ ಸೀಮೆಎಣ್ಣೆ ಕಾದು ಆವಿಯಾಗಿ, ಗ್ಯಾಸಾಗಿಯೇ ಉರಿಯುತ್ತಿತ್ತು. ಉರಿಯುವ ಬತ್ತಿ ಅದರಲ್ಲಿ ಇರಲೇ ಇಲ್ಲ. ಇದ್ದದ್ದು 'ಮ್ಯಾಂಟಲ್' ಎಂಬ ಬಲೆಯ ಚೀಲ. ಆ ಚೀಲವನ್ನು ಬೆಳಗಿಸುವ ಬರ್ನರನ್ನು ತಿದ್ದಿ ತೀಡುವುದರಲ್ಲಿ ಯೂರೋಪಿನ ರಸಾಯನ ವಿಜ್ಞಾನಿಗಳಿಂದ ಹಿಡಿದು ನಮ್ಮ ಗೋಬರ್ ಗ್ಯಾಸ್ ತಂತ್ರಜ್ಞರವರೆಗೆ ಅನೇಕರು ಸುಮಾರು ನೂರು ವರ್ಷ ತಲೆ ಕೆಡಿಸಿಕೊಂಡರು.

ಬೆಳಕಿಲ್ಲದ ಜ್ವಾಲೆ

ಹತ್ತೊಂಬತ್ತನೆಯ ಶತಮಾನದ ನಗರಗಳಲ್ಲಿ ಬೀದಿದೀಪ ಎಂದರೆ ಕಲ್ಲಿದ್ದಲಿನಿಂದ ತೆಗೆದ ಅನಿಲದ ದೀಪ. ಕಲ್ಕತ್ತದ ಬೀದಿಗಳಿಗೆ ಅದು 1857ರಲ್ಲಿ ಬಂತು. ಆ ದೀಪದ ಜ್ವಾಲೆ ಹಳದಿ. ಅರೆಬರೆ ಸುಟ್ಟ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದ ಆ ಬಣ್ಣ. ಅಂದರೆ ನಮ್ಮ ಬುಡ್ಡಿದೀಪದ ಬೆಳಕಿಗೂ ಅದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಬೆಳಕಿನ ಜೊತೆಗೆ ಮಸಿಯೂ ಬರುತ್ತಿತ್ತು.

1855ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ಹೊಸ ಬರ್ನರ್ ಬಳಕೆಗೆ ತಂದರು. ಅದನ್ನು ತಯಾರಿಸಿಕೊಟ್ಟವರು ಪ್ರಯೋಗಾಲಯದ ಉಪಕರಣ ತಯಾರಕ ಪೀಟರ್ ಡೆಸಾಗಾ. ಉರಿಯುವ ಮುನ್ನವೇ ಅನಿಲಕ್ಕೆ ಗಾಳಿಯನ್ನು ಬೆರೆಸುವುದು ಅದರ ಗುಟ್ಟು. ಬುಡದಲ್ಲಿ ಸಣ್ಣ ರಂಧ್ರದಿಂದ ಅನಿಲ ರಭಸವಾಗಿ ಚಿಮ್ಮುತ್ತದೆ. ಚಿಮ್ಮುವಾಗ ಪಕ್ಕದ ಕಿಂಡಿಗಳಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎರಡೂ ಕೊಳವೆಯೊಳಗೆ ಬೆರೆತು ಮೇಲೆ ಉರಿಯುತ್ತವೆ. ಇಂಗಾಲ ಪೂರ್ತಿ ಸುಡುವುದರಿಂದ ಮಸಿಯಿಲ್ಲ, ಬಿಸಿ ಹೆಚ್ಚು. ಇಂದಿಗೂ ನಮ್ಮ ಅಡುಗೆಮನೆಯ ಗ್ಯಾಸ್ ಒಲೆ ಇದೇ ತತ್ವದ ಮೇಲೆ ಉರಿಯುತ್ತದೆ. ಆದರೆ ಆ ನೀಲಿ ಜ್ವಾಲೆಯಲ್ಲಿ ಬೆಳಕೇ ಇಲ್ಲ. ದೀಪದ ಮಟ್ಟಿಗೆ ಅದು ನಿಷ್ಪ್ರಯೋಜಕವೆಂದೇ ಯಾರಿಗಾದರೂ ತೋರಬೇಕು.

ಹಾಗೆ ತೋರದಿದ್ದುದು ಬುನ್ಸೆನ್ನರ ಶಿಷ್ಯ, ಆಸ್ಟ್ರಿಯಾದ ಕಾರ್ಲ್ ಔವರ್‌ಗೆ. ವಿರಳ ಭಸ್ಮ ಧಾತುಗಳನ್ನು ಆ ಬಿಸಿ ಜ್ವಾಲೆಯಲ್ಲಿ ಹಿಡಿದು ಪರೀಕ್ಷಿಸುವಾಗ ಅವು ಪ್ರಖರವಾಗಿ ಹೊಳೆಯುವುದನ್ನು ಅವರು ಕಂಡರು. ಹತ್ತಿಯ ಬಟ್ಟೆಯನ್ನು ಆ ಧಾತುಗಳ ಲವಣದ ದ್ರಾವಣದಲ್ಲಿ ನೆನೆಸಿ ಒಣಗಿಸಿ ಸುಟ್ಟರೆ ಹತ್ತಿ ಉರಿದುಹೋಗಿ, ಅದೇ ಆಕಾರದ ಬೂದಿಯ ಬಲೆ ಉಳಿಯುತ್ತದೆ. 1885ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಮೊದಲ ಮ್ಯಾಂಟಲ್‌ನ ಬೆಳಕು ಹಸಿರು. ಹೆಣದ ಮುಖದಂತೆ ಕಾಣಿಸುವ ಬೆಳಕು ಯಾರಿಗೆ ಬೇಕು? ವ್ಯಾಪಾರ ಮುಗ್ಗರಿಸಿತು. 1891ರಲ್ಲಿ ನೂರರಲ್ಲಿ 99 ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್ ಎಂಬ ಹದ ಸಿಕ್ಕಿದ ಮೇಲೆ ಬೆಳಕು ಬೆಳ್ಳಗಾಯಿತು. ಆ ಒಂದು ಪಾಲು ಕಡಿಮೆಯಾದರೂ ಹೆಚ್ಚಾದರೂ ಬೆಳಕು ಕುಗ್ಗುತ್ತದೆ. ಸಾರಿಗೆ ಉಪ್ಪು ಹಾಕುವಷ್ಟೇ ನಾಜೂಕಿನ ಲೆಕ್ಕ ಅದು.

ಅಲ್ಲಿಂದ ಮುಂದೆ ಕೆಲಸವೆಲ್ಲ ಬರ್ನರಿನದು. ಜ್ವಾಲೆಯ ಅತ್ಯಂತ ಬಿಸಿಯಾದ ಭಾಗ ಬಲೆಗೆ ಸರಿಯಾಗಿ ತಾಗಬೇಕು. ಗಾಳಿ ಕಡಿಮೆಯಾದರೆ ಬಲೆ ಮಸಿ ಹಿಡಿಯುತ್ತದೆ, ಹೆಚ್ಚಾದರೆ ಜ್ವಾಲೆ ಬಲೆಯಿಂದ ಎಗರುತ್ತದೆ. ಮೊದಲ ಮ್ಯಾಂಟಲ್‌ಗಳು ಬರ್ನರಿನ ಮೇಲೆ ನೆಟ್ಟಗೆ ನಿಂತಿರುತ್ತಿದ್ದವು. ಇದರಿಂದ ದೀಪದ ಬುಡದ ನೆರಳು ಕೆಳಗೆ, ಅಂದರೆ ಬೆಳಕು ಬೇಕಾದ ಕಡೆಗೇ ಬೀಳುತ್ತಿತ್ತು. ಬಲೆಯನ್ನು ತಲೆಕೆಳಗು ಮಾಡಿದರೆ ಆಯಿತಲ್ಲ ಎನ್ನುವುದು ಸುಲಭ. ಆದರೆ ಬಿಸಿ ಗಾಳಿ ಮೇಲಕ್ಕೇರುತ್ತದೆ. ಜ್ವಾಲೆ ಕೆಳಮುಖವಾದರೆ ಸುಟ್ಟ ಹೊಗೆ ಮೇಲೇರಿ ಗಾಳಿಯ ಕಿಂಡಿಗೇ ನುಗ್ಗಿ ಮಿಶ್ರಣ ಕೆಡಿಸುತ್ತದೆ. ಹೊಗೆಯನ್ನು ಬೇರೆ ದಾರಿಗೆ ತಿರುಗಿಸಿ, ಅದರ ಬಿಸಿಯಿಂದಲೇ ಒಳಬರುವ ಮಿಶ್ರಣವನ್ನು ಕಾಯಿಸುವ ಉಪಾಯ ಕೈಗೂಡಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ. ನಾವು ಕಂಡ ಗ್ಯಾಸ್‌ಲೈಟಿನ ಜೋತುಬಿದ್ದ ಮ್ಯಾಂಟಲ್ ಈ ಸುಧಾರಣೆಯ ಫಲ.

ಚಿನ್ನಕ್ಕೆ ಮೊದಲು ಬೆಳಕು

ಕೋಲಾರ ಸೀಮೆಗೆ ಕಲ್ಲಿದ್ದಲ ಅನಿಲದ ಕೊಳವೆ ಬರಲೇ ಇಲ್ಲ. ಬಂದದ್ದು ನೇರವಾಗಿ ವಿದ್ಯುತ್ತು, ಅದೂ ಚಿನ್ನದ ಗಣಿಗೆ. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ದೂರದ ಕೆ.ಜಿ.ಎಫ್‌ಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. ರಾಜಧಾನಿಯ ಆಡಳಿತ ಕಚೇರಿಗಳಿದ್ದ ಬೆಂಗಳೂರಿಗೆ ಅದು ಸಿಕ್ಕಿದ್ದು ಮೂರು ವರ್ಷಗಳ ನಂತರ, 1905ರ ಆಗಸ್ಟ್‌ನಲ್ಲಿ. ಗಣಿಯ ಸುತ್ತಮುತ್ತಲಿನ ಹಳ್ಳಿಗಳು ಇನ್ನೂ ಹಲವು ದಶಕ ಕಾದವು. ದೀಪದ ಬುಡ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆ ಕತ್ತಲಿಗೆ ಬಂದದ್ದೇ ಪೆಟ್ರೋಮ್ಯಾಕ್ಸ್. 1910ರ ಸುಮಾರಿಗೆ ಬರ್ಲಿನ್ನಿನ ಎರಿಷ್ ಮತ್ತು ಗ್ರೇಟ್ಸ್ ಕಂಪೆನಿಯಿಂದ ಹೊರಬಂದ ಈ ದೀಪದ ಹೆಸರಿನಲ್ಲಿರುವ 'ಮ್ಯಾಕ್ಸ್', ಅದನ್ನು ರೂಪಿಸಿದ ಮ್ಯಾಕ್ಸ್ ಗ್ರೇಟ್ಸ್. ಅನಿಲದ ಕೊಳವೆಯಿಲ್ಲದ ಊರಿಗೂ ಗ್ಯಾಸ್ ದೀಪ ಕೊಟ್ಟದ್ದು ಇದರ ಹೆಚ್ಚುಗಾರಿಕೆ. ತೊಟ್ಟಿಯಲ್ಲಿ ಸೀಮೆಎಣ್ಣೆ, ಪಂಪಿನಿಂದ ಒತ್ತಡ, ಸ್ಪಿರಿಟ್ ಉರಿಸಿ ಕಾಯಿಸಿದ ಸಣ್ಣ ಕೊಳವೆ. ಅದರೊಳಗೆ ಎಣ್ಣೆ ಆವಿಯಾಗಿ ನಿಪ್ಪಲ್‌ನಿಂದ ಚಿಮ್ಮಿ, ಬುನ್ಸೆನ್ನರ ಉಪಾಯದಂತೆಯೇ ಗಾಳಿಯನ್ನು ಎಳೆದುಕೊಂಡು ಮ್ಯಾಂಟಲ್ಲಿಗೆ ಇಳಿಯುತ್ತದೆ. ನಿಪ್ಪಲ್‌ನ ತೂತು ಕಟ್ಟಿಕೊಂಡರೆ ಪಿನ್ನಿನಿಂದ ಬಿಡಿಸಬೇಕು. ಒಮ್ಮೆ ಉರಿದ ಮ್ಯಾಂಟಲ್ ಬರೀ ಬೂದಿ. ದೀಪ ಹೊತ್ತವನು ಎಡವಿದರೆ ಅದು ಉದುರಿ, ಮೆರವಣಿಗೆಯ ಆ ಭಾಗ ಕತ್ತಲಾಗುತ್ತಿತ್ತು. ಮದುವೆ ಮನೆಯವರು ದೀಪಕ್ಕೆ ಬಾಡಿಗೆ ಕೊಡುವುದರ ಜೊತೆಗೆ ಅದನ್ನು ಪಳಗಿಸಬಲ್ಲ ಆಳನ್ನೂ ಕರೆಸಿಕೊಳ್ಳುತ್ತಿದ್ದುದು ಇದಕ್ಕೇ.

ಆ ಬೂದಿಯ ಬಗ್ಗೆಯೂ ಒಂದು ಮಾತು. ಥೋರಿಯಂ ವಿಕಿರಣಶೀಲ ಧಾತು. ದಕ್ಷಿಣ ಭಾರತಕ್ಕೂ ಅದಕ್ಕೂ ಹಳೆಯ ನಂಟು. 1909ರಲ್ಲಿ ಜರ್ಮನಿಯ ಶೋಂಬರ್ಗ್ ಎಂಬಾತ ತಿರುವಾಂಕೂರಿನ ಮಣವಾಳಕುರಿಚ್ಚಿಯ ಕಡಲ ಮರಳಿನಲ್ಲಿ ಥೋರಿಯಂ ಇರುವ ಮೋನಜೈಟ್ ಖನಿಜವನ್ನು ಗುರುತಿಸಿದ. ಯೂರೋಪಿನ ಮ್ಯಾಂಟಲ್‌ಗಳಿಗಾಗಿ ನಮ್ಮ ಮರಳು ಹಡಗೇರಿತು. ಸ್ವಾತಂತ್ರ್ಯಾನಂತರ, 1950ರಲ್ಲಿ ಸ್ಥಾಪನೆಯಾದ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಮ್ಯಾಂಟಲ್ ಉದ್ಯಮಕ್ಕೆ ಬೇಕಾದ ಥೋರಿಯಂ ನೈಟ್ರೇಟನ್ನು ಇಲ್ಲೇ ತಯಾರಿಸಿಕೊಟ್ಟಿತು. ದೂರದಲ್ಲಿ ಉರಿಯುವ ಮ್ಯಾಂಟಲ್‌ನಿಂದ ಹೇಳಿಕೊಳ್ಳುವಂಥ ಅಪಾಯವಿಲ್ಲ. ಒಡೆದ ಬೂದಿಯನ್ನು ಬಾಯಿಂದ ಊದುವುದು, ಅದರ ಧೂಳು ಉಸಿರಿಗೆ ಹೋಗುವುದು ಒಳ್ಳೆಯದಲ್ಲ. ಲೈಟಿನವರು ಮಾಡುತ್ತಿದ್ದುದು ಸಾಮಾನ್ಯವಾಗಿ ಅದನ್ನೇ.

ಸಗಣಿಯ ಅನಿಲ, ಹೊಸ ತಲೆನೋವು

ಕೊಳೆತ ವಸ್ತುವಿನ ಅನಿಲದಿಂದ ದೀಪ ಹಚ್ಚುವುದು ನಮ್ಮ ದೇಶಕ್ಕೆ ಹೊಸದಲ್ಲ. ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಮಲದ ತೊಟ್ಟಿಯ ಅನಿಲವನ್ನು ದೀಪಕ್ಕೆ ಬಳಸಲಾಗಿತ್ತು. ಹಳ್ಳಿಯ ಮಟ್ಟಿಗೆ ಅದನ್ನು ತಂದದ್ದು ಜಶಭಾಯಿ ಪಟೇಲರ ತೇಲುವ ಡ್ರಮ್ಮಿನ ಸ್ಥಾವರ. ಅರವತ್ತರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಕೈಗೆತ್ತಿಕೊಂಡಿತು. 1981-82ರಲ್ಲಿ ರಾಷ್ಟ್ರೀಯ ಯೋಜನೆ ಆರಂಭವಾಯಿತು. 1984ರಲ್ಲಿ ಪೂರ್ತಿ ಇಟ್ಟಿಗೆಯ ಗುಮ್ಮಟದ 'ದೀನಬಂಧು' ಮಾದರಿ ಬಂತು. ಮನೆಮನೆಗೆ ಹಾಲಿನ ಹಸುವಿರುವ, ಮಾಲೂರಿನ ಇಟ್ಟಿಗೆ ಕೈಗೆಟಕುವ ಕೋಲಾರ ಜಿಲ್ಲೆಗೆ ಇದು ಹೇಳಿ ಮಾಡಿಸಿದಂತಿತ್ತು. ಕೋಲಾರದಲ್ಲೇ ನೆಲೆಯಿರುವ ಎಸ್.ಕೆ.ಜಿ. ಸಂಘ ಈ ಕೆಲಸಕ್ಕಾಗಿ 2007ರಲ್ಲಿ ಇಂಗ್ಲೆಂಡಿನ ಆಷ್ಡನ್ ಪ್ರಶಸ್ತಿ ಪಡೆಯಿತು.

ಆದರೆ ದೀಪದ ಬರ್ನರ್ ಮತ್ತೆ ಮೊದಲಿನಿಂದ ಪಾಠ ಕಲಿಯಬೇಕಾಯಿತು. ಸಗಣಿಯ ಅನಿಲದಲ್ಲಿ ಉರಿಯುವ ಮೀಥೇನ್ ನೂರಕ್ಕೆ 55ರಿಂದ 65 ಪಾಲು. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಉರಿಯುವುದನ್ನೂ ತಣಿಸುತ್ತದೆ. ಜ್ವಾಲೆ ನಿಧಾನ. ಅನಿಲ ರಭಸವಾಗಿ ಬಂದರೆ ಎಗರಿ ಆರಿಹೋಗುತ್ತದೆ. ಶುದ್ಧ ಮೀಥೇನಿಗೆ ಒಂಬತ್ತೂವರೆ ಪಾಲು ಗಾಳಿ ಬೇಕಾದರೆ ಇದಕ್ಕೆ ಆರರ ಆಸುಪಾಸು. ಆದ್ದರಿಂದ ಸಿಲಿಂಡರ್ ಗ್ಯಾಸಿನ ನಾಝಲ್ ಇದಕ್ಕೆ ಒಗ್ಗುವುದಿಲ್ಲ. ತೂತು ದೊಡ್ಡದಿರಬೇಕು, ಗಾಳಿಯ ಕಿಂಡಿಯನ್ನು ಹೊಂದಿಸಲು ಬರಬೇಕು, ತುದಿಯಲ್ಲಿ ಸಣ್ಣ ರಂಧ್ರಗಳ ಪಿಂಗಾಣಿ ತಲೆ ಜ್ವಾಲೆಯನ್ನು ಹಿಡಿದು ನಿಲ್ಲಿಸಬೇಕು.

ಇನ್ನೊಂದು ತೊಡಕು ಒತ್ತಡದ್ದು. ಕಬ್ಬಿಣದ ಡ್ರಮ್ಮು ತನ್ನ ಭಾರದಿಂದಲೇ ಅನಿಲವನ್ನು ಒಂದೇ ಸಮನೆ ಒತ್ತುತ್ತದೆ. ಅದಕ್ಕೆ ಹೊಂದಿಸಿದ ದೀಪ ಹಾಗೆಯೇ ಉರಿಯುತ್ತದೆ. ಡ್ರಮ್ಮು ತುಕ್ಕು ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಅಗ್ಗದ ದೀನಬಂಧುವಿನಲ್ಲಿ ಗುಮ್ಮಟ ಅಲುಗುವುದಿಲ್ಲ. ಅನಿಲ ತುಂಬಿದಾಗ ಒತ್ತಡ ಏರುತ್ತದೆ, ಬಳಸಿದಂತೆ ಇಳಿಯುತ್ತದೆ. ಸಂಜೆ ಭರ್ರೆನ್ನುವ ದೀಪ ರಾತ್ರಿ ಊಟದ ಹೊತ್ತಿಗೆ ಮಂಕಾಗುತ್ತದೆ. ಮತ್ತೆ ಮತ್ತೆ ಎದ್ದು ಕಿವಿ ತಿರುಗಿಸಬೇಕು. ಒಲೆಗೆ ಈ ಏರಿಳಿತದಿಂದ ಅಷ್ಟು ತೊಂದರೆಯಿಲ್ಲ, ಮ್ಯಾಂಟಲ್ಲಿಗೆ ಇದೇ ಶತ್ರು. ಕೊಳವೆಯಲ್ಲಿ ನಿಂತ ನೀರಿನಿಂದ ದೀಪ ಮಿಣುಕುವುದು ಬೇರೆ. ಬಡವನಿಗೆ ಎಟಕುವ ಸ್ಥಾವರವೇ ದೀಪಕ್ಕೆ ಒಗ್ಗದೆ ಹೋದದ್ದು ಈ ಚರಿತ್ರೆಯ ದುರದೃಷ್ಟದ ಭಾಗ.

ಒಲೆಯೋ ದೀಪವೋ

ಇಷ್ಟೆಲ್ಲ ತಿದ್ದಿದ ಮೇಲೂ ಲೆಕ್ಕ ಹೊಂದಲಿಲ್ಲ. ಎರಡು ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ರಾಸು ಬೇಕು. ಐದು ಜನರ ಅಡುಗೆಗೆ ಒಂದೂಕಾಲು ಘನ ಮೀಟರ್ ಹೋಗುತ್ತದೆ. ಒಂದು ಮ್ಯಾಂಟಲ್ ದೀಪ ಗಂಟೆಗೆ 0.13 ಘನ ಮೀಟರಿನಷ್ಟು ಕುಡಿಯುತ್ತದೆ. ನಾಲ್ಕು ಗಂಟೆ ಉರಿಸಿದರೆ ಅರ್ಧ ಘನ ಮೀಟರ್ ಖಾಲಿ. ಚಳಿಗಾಲದಲ್ಲಿ ಅನಿಲ ಹುಟ್ಟುವುದೇ ಕಡಿಮೆ. ಒಂದು ಹಸು ಮಾರಿದರೂ ಸಾಕು, ಓದುವ ಮಗುವಿಗೆ ದೀಪವೋ ಬೆಳಗಿನ ಒಲೆಗೆ ಗ್ಯಾಸೋ ಎಂದು ಮನೆಯವರು ಆಯ್ದುಕೊಳ್ಳಬೇಕಾಗುತ್ತದೆ. ಒಲೆ ಬಿಟ್ಟರೆ ಹೆಂಗಸರು ಮತ್ತೆ ಸೌದೆಗೆ ಅಲೆಯಬೇಕು, ಹೊಗೆ ಕುಡಿಯಬೇಕು. ಒಲೆ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ, ಗೆಲ್ಲಬೇಕಾದದ್ದೂ ಅದೇ.

ದೀಪ ಅಷ್ಟು ಅನಿಲ ಕುಡಿದು ಕೊಡುವುದಾದರೂ ಎಷ್ಟು? ಹೆಚ್ಚೆಂದರೆ ಹಳೆಯ ಅರವತ್ತು ವಾಟ್ ಬಲ್ಬಿನ ಬೆಳಕು. ಉಳಿದುದೆಲ್ಲ ಶಾಖ. ತಗ್ಗಿನ ಹುಲ್ಲುಮಾಡಿನ ಮನೆಯಲ್ಲಿ ಆ ಶಾಖ ಬೆಂಕಿಯ ಭಯವನ್ನೂ ತರುತ್ತಿತ್ತು. ಬರ್ನರನ್ನು ಎಷ್ಟು ತಿದ್ದಿದರೂ ಇದಕ್ಕೆ ಪರಿಹಾರವಿರಲಿಲ್ಲ.

ಬೇರೆ ದಾರಿ ತೋರಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡ. ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅದರ ಮುಂದಾಳು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಮೊದಲು ಊರೊಟ್ಟಿನ ಗೋಬರ್ ಗ್ಯಾಸನ್ನು ಅಡುಗೆಗೆ ಕೊಡಹೊರಟರು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಸೌದೆ ಬಿಟ್ಟಿಯಾಗಿ ಸಿಗುತ್ತಿದ್ದ ಊರಿನವರಿಗೆ ಬೇಕಾಗಿದ್ದುದು ಕುಡಿಯುವ ನೀರು, ಬೆಳಕು. 1987ರಲ್ಲಿ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಹಾಯಿಸಿ ವಿದ್ಯುತ್ ತೆಗೆದರು. ಮನೆಗಳಿಗೆ ಟ್ಯೂಬ್‌ಲೈಟ್ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು. ಗ್ಯಾಸ್ ತೆಗೆದ ಬಗ್ಗಡ ಸಗಣಿ ಕೊಟ್ಟವರಿಗೇ ಗೊಬ್ಬರವಾಗಿ ವಾಪಸಾಗುತ್ತಿತ್ತು. ಮ್ಯಾಂಟಲ್‌ನಲ್ಲಿ ಒಂದು ದೀಪ ಉರಿಯುವಷ್ಟು ಅನಿಲಕ್ಕೆ ಎಂಜಿನ್ನಿನ ಮೂಲಕ ಅದಕ್ಕಿಂತ ಎಷ್ಟೋ ಪ್ರಖರವಾದ ಮೂರು ಟ್ಯೂಬ್‌ಲೈಟ್ ಉರಿಯಬಲ್ಲವು. ದೀಪದಿಂದ ಬರ್ನರನ್ನು ಹೊರಹಾಕಿದ್ದೇ ಅತ್ಯುತ್ತಮ ಸುಧಾರಣೆಯಾಯಿತು ಎಂದರೆ ಬುನ್ಸೆನ್ನರ ಶಿಷ್ಯನೂ ಬೇಸರಿಸಿಕೊಳ್ಳುತ್ತಿರಲಿಲ್ಲವೇನೋ. ಲೋಹದ ತಂತಿಯ ವಿದ್ಯುತ್ ಬಲ್ಬನ್ನು ರೂಪಿಸಿದವರಲ್ಲಿ ಔವರ್ ಕೂಡ ಒಬ್ಬರು.

ಪುರದ ವ್ಯವಸ್ಥೆ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಿಂತಿತು. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಐದಾರು ವಾಟ್‌ನ ಎಲ್.ಇ.ಡಿ. ಬಲ್ಬು ಈಗ ಮ್ಯಾಂಟಲ್ ದೀಪದಷ್ಟೇ ಬೆಳಕನ್ನು ಶಾಖವಿಲ್ಲದೆ ಕೊಡುತ್ತದೆ. ಗೋಬರ್ ಗ್ಯಾಸ್ ಅಡುಗೆಮನೆಗೆ ಮೀಸಲಾಗಿದೆ. ಔವರ್ ಮಾತ್ರ ಪೂರ್ತಿ ಮರೆಯಾಗಿಲ್ಲ. ಮ್ಯಾಂಟಲ್ಲಿಗೆ ಥೋರಿಯಂ ತೆಗೆದ ಮೇಲೆ ಉಳಿಯುತ್ತಿದ್ದ ಸೀರಿಯಂ ಮುಂತಾದ ಧಾತುಗಳಿಗೆ ಕಬ್ಬಿಣ ಬೆರೆಸಿ ಅವರು 1903ರಲ್ಲಿ ಕಿಡಿ ಹಾರಿಸುವ ಮಿಶ್ರಲೋಹವೊಂದನ್ನು ಮಾಡಿದ್ದರು. ಬೀಡಿ ಅಂಗಡಿಯಲ್ಲಿ ಸಿಗುವ ಚಕ್ರದ ಲೈಟರಿನ 'ಕಲ್ಲು' ಎಂದರೆ ಅದೇ.