ಆಡುವ ಮಾತಿಗೆ ಅಂಕವೆಷ್ಟು?

ಪರಪ್ರಾಂತಗಳಲ್ಲಿ ನೆಲೆಸಿರುವ ನಮ್ಮ ತಂದೆತಾಯಿಗಳು ಶಾಲೆಯ ಪೋಷಕರ ಸಭೆಯಲ್ಲಿ ಆಗಾಗ ಕೇಳುವ ಮಾತೊಂದುಂಟು: “ಹುಡುಗಿ ಬರವಣಿಗೆಯಲ್ಲಿ ಜಾಣೆ, ಆದರೆ ಗುಂಪುಚರ್ಚೆಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ.” ಆರು, ಏಳು, ಎಂಟನೆಯ ತರಗತಿಗಳ ಚರ್ಚೆಗೂ ಅಂಕ ಕೊಡುವ ಶಾಲೆಗಳಲ್ಲಿ ಇದು ಚಿಂತೆಯ ವಿಷಯವೇ ಸರಿ. ಆದರೆ ಬಾಯಿ ಬಿಡದ ಮಗು ಕಲಿಯುತ್ತಿಲ್ಲವೆಂದು ಹೇಳಬಹುದೆ? ಮಾತನ್ನು ತೂಗುವ ತಕ್ಕಡಿ ಯಾವುದು? ಈ ಪ್ರಶ್ನೆಯೊಡನೆ ಅರ್ಧ ಶತಮಾನ ಹೆಣಗಿದ ಇಂಗ್ಲೆಂಡಿನ ಅನುಭವ ಇಲ್ಲಿ ನೆನೆಯತಕ್ಕದ್ದು.

ಓದು ಬರಹಗಳ ಬಲ್ಲತನಕ್ಕೆ ಇಂಗ್ಲಿಷಿನಲ್ಲಿ ಹೆಸರಿತ್ತು. ಆಡುವ, ಆಲಿಸುವ ಬಲ್ಲತನಕ್ಕೆ ಇರಲಿಲ್ಲ. 1965ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಆಂಡ್ರ್ಯೂ ವಿಲ್ಕಿನ್ಸನ್ ಅದಕ್ಕೆ ‘ಓರಸಿ’ ಎಂಬ ಹೊಸ ಪದವನ್ನು ಕಟ್ಟಿದರು. ಹೆಸರಿಲ್ಲದ ಗುಣಕ್ಕೆ ವೇಳಾಪಟ್ಟಿಯಲ್ಲಿ ಜಾಗ ಸಿಗದು. ಹೆಸರು ಬಂದೊಡನೆ ಶಿಕ್ಷಣವೇತ್ತರ ಗಮನ ಅತ್ತ ಹರಿಯಿತು.

1972ರಲ್ಲಿ ಅಲ್ಲಿನ ಸರ್ಕಾರ ಇತಿಹಾಸಕಾರ ಅಲನ್ ಬುಲಕ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1975ರಲ್ಲಿ ಹೊರಬಂದ ಅದರ ವರದಿ, ಮಾತೂ ಕಲಿಕೆಯ ಸಾಧನವೆಂದು ಸಾರಿತು. ವಲಸೆ ಬಂದ ಕುಟುಂಬಗಳ ಮಕ್ಕಳ ಬಗೆಗೆ ಅದು ಹೇಳಿದ ವಿಚಾರ ನಮಗೆ ಇನ್ನೂ ಹತ್ತಿರದ್ದು: ಶಾಲೆಯ ಹೊಸ್ತಿಲು ದಾಟುವಾಗ ಮಗು ತನ್ನ ಮನೆಯ ಭಾಷೆಯನ್ನೂ ಸಂಸ್ಕೃತಿಯನ್ನೂ ಕಳಚಿಡಬೇಕೆಂದು ಯಾರೂ ನಿರೀಕ್ಷಿಸಬಾರದು.

ಇದೇ ವೇಳೆಗೆ ಲೀಡ್ಸ್ ವಿಶ್ವವಿದ್ಯಾಲಯದ ಡಗ್ಲಸ್ ಬಾರ್ನ್ಸ್ ಒಂದು ಸರಳ ಉಪಾಯ ಮಾಡಿದರು. ಸುಮಾರು 13 ವರ್ಷದ ಮಕ್ಕಳ ಚಿಕ್ಕ ಗುಂಪುಗಳ ನಡುವೆ ಟೇಪ್ ರೆಕಾರ್ಡರ್ ಇಟ್ಟು, ಉಪಾಧ್ಯಾಯರಿಲ್ಲದೆ ಅವರು ಚರ್ಚಿಸುವುದನ್ನು ಮುದ್ರಿಸಿಕೊಂಡರು. ಫ್ರ್ಯಾಂಕಿ ಟಾಡ್ ಅವರೊಡನೆ ಬರೆದ ಈ ಅಧ್ಯಯನ 1977ರಲ್ಲಿ ಪುಸ್ತಕವಾಯಿತು. ಮಾತಿನಲ್ಲಿ ಎರಡು ಬಗೆಯಿದೆ ಎಂಬುದು ಬಾರ್ನ್ಸ್ ಅವರ ಕಾಣ್ಕೆ. ಒಂದು, ಸಿದ್ಧಪಡಿಸಿ ಒಪ್ಪಿಸುವ ಮಾತು. ಇನ್ನೊಂದು, ತಡವರಿಸುತ್ತ, “ಇರಬಹುದೇನೋ” ಎನ್ನುತ್ತ, ಆಡಿದ್ದನ್ನು ತಿದ್ದಿಕೊಳ್ಳುತ್ತ ಹುಡುಕುವ ಮಾತು. ಮೊದಲನೆಯದು ಕಿವಿಗೆ ಇಂಪು; ಆದರೆ ಹೊಸ ವಿಚಾರ ಮೊಳೆಯುವುದು ಬಹುಮಟ್ಟಿಗೆ ಎರಡನೆಯದರಲ್ಲಿ. ತಡವರಿಕೆಗೆ ಅಂಕ ಕಳೆಯುವ ಪರೀಕ್ಷಕ ಯೋಚನೆಗೇ ದಂಡ ಹಾಕಿದಂತಾಯಿತು!

ಮುಂದೆ ಸರ್ಕಾರವೇ ಅಳತೆಗೆ ಇಳಿಯಿತು. 1982 ಮತ್ತು 1983ರಲ್ಲಿ ರಾಷ್ಟ್ರಮಟ್ಟದ ಸಮೀಕ್ಷೆಗಳು 11 ಮತ್ತು 15 ವರ್ಷದ ಮಕ್ಕಳ ಮಾತನ್ನು ಪರೀಕ್ಷಿಸಿದವು. 1988ರ ಶಿಕ್ಷಣ ಸುಧಾರಣಾ ಕಾಯಿದೆಯ ಬಳಿಕ ಬಂದ ರಾಷ್ಟ್ರೀಯ ಪಠ್ಯಕ್ರಮದಲ್ಲಿ, ಓದು ಬರಹಗಳ ಸರಿಸಮಕ್ಕೆ ಮಾತು ಮತ್ತು ಆಲಿಸುವಿಕೆ ಕುಳಿತವು. ಆಗ 11ರಿಂದ 14 ವರ್ಷದ ಮಕ್ಕಳಿಗೆ ಓದು ಬರಹಗಳಲ್ಲಿ ಲಿಖಿತ ಪರೀಕ್ಷೆಯಿತ್ತು. ಮಾತು ಆಲಿಕೆಗಳಿಗೆ ಮಾತ್ರ ತರಗತಿಯ ಉಪಾಧ್ಯಾಯರ ತೀರ್ಮಾನವೇ ಪ್ರಮಾಣವಾಗಿತ್ತು.

ತೊಡಕು ಹುಟ್ಟಿದ್ದು ಇಲ್ಲೇ. ಪ್ರಯೋಗಶಾಲೆಯಲ್ಲಿ ಒಂದೇ ದ್ರಾವಣವನ್ನು ಇಬ್ಬರು ಅಳೆದರೆ ಉತ್ತರ ಹೊಂದಬೇಕು. ಚರ್ಚೆ ಹಾಗಲ್ಲ; ಆಡಿದೊಡನೆ ಗಾಳಿಗೆ ಹೋಗುತ್ತದೆ, ಮರುಪರೀಕ್ಷೆಗೆ ಉತ್ತರಪತ್ರಿಕೆ ಉಳಿಯುವುದಿಲ್ಲ. ಅದೇ ಹುಡುಗ ಗೆಳೆಯರ ನಡುವೆ ಒಂದು ಬಗೆ, ಅಬ್ಬರದವರ ನಡುವೆ ಇನ್ನೊಂದು ಬಗೆ. ಇನ್ನು ಆಲಿಸುವಿಕೆಯಂತೂ ಕಣ್ಣಿಗೆ ಕಾಣುವುದೇ ಇಲ್ಲ. ಆಲಿಸಿದ್ದಕ್ಕೆ ಸಾಕ್ಷಿ ಅನಂತರ ಆಡುವ ಒಂದು ಮಾತಿನಲ್ಲಿರುತ್ತದೆ, ಆ ಮಾತಿಗಾಗಿ ಕಾಯುವ ವ್ಯವಧಾನ ಪರೀಕ್ಷಕನಿಗೆ ಬೇಕು.

16ನೆಯ ವಯಸ್ಸಿನ ಜಿ.ಸಿ.ಎಸ್.ಇ. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತು ಆಲಿಕೆಗಳಿಗೆ ಶೇಕಡಾ 20ರಷ್ಟು ಪಾಲಿತ್ತು. ಎಲ್ಲ ಶಾಲೆಗಳ ಅಂಕಗಳೂ ಒಂದೇ ತೂಕದವೆಂದು ಖಾತರಿಪಡಿಸಲಾಗದೆಂಬ ಕಾರಣಕ್ಕೆ 2014ರಿಂದ ಆ ಪಾಲನ್ನು ಒಟ್ಟು ದರ್ಜೆಯ ಲೆಕ್ಕದಿಂದ ತೆಗೆಯಲಾಯಿತು. ಹೊಸ ವ್ಯವಸ್ಥೆಯಲ್ಲಿ ಪ್ರತ್ಯೇಕ ನಮೂದಾಗಿ ಉಳಿದದ್ದು ವಿದ್ಯಾರ್ಥಿ ಒಬ್ಬನೇ ನಿಂತು ಮಾಡುವ ಭಾಷಣ ಮತ್ತು ಅದರ ಮೇಲಿನ ಪ್ರಶ್ನೋತ್ತರ. ಅಳೆಯಲು ಸುಲಭವಾದುದು ಉಳಿಯಿತು. ನಾಲ್ಕು ಜನ ಕೂಡಿ ಯೋಚಿಸುವ ಚರ್ಚೆ ಜಾರಿಹೋಯಿತು.

ನಮ್ಮ ಸಿ.ಬಿ.ಎಸ್.ಇ. ಮಂಡಳಿಯೂ 2010ರ ದಶಕದಲ್ಲಿ ಇಂಗ್ಲಿಷಿನ ಮಾತು ಆಲಿಕೆಗಳ ಮೌಲ್ಯಮಾಪನವನ್ನು ತಂದಿತು. ನಿಯಮಗಳು ಬರುತ್ತವೆ, ಹೋಗುತ್ತವೆ. ಅಳೆಯಲು ಕಷ್ಟವಾದದ್ದೆಲ್ಲ ಬೆಲೆಯಿಲ್ಲದ್ದಲ್ಲವೆಂಬುದು ನಾವು ಕಲಿಯಬೇಕಾದ ಪಾಠ. ಆದ್ದರಿಂದ ಮುಂದಿನ ಸಭೆಯಲ್ಲಿ “ಎಷ್ಟು ಮಾತನಾಡಿದಳು?” ಎಂದು ಕೇಳುವ ಬದಲು, “ಇನ್ನೊಬ್ಬರ ಮಾತನ್ನು ಹಿಡಿದು ಮುಂದುವರಿಸಿದಳೆ? ಒಪ್ಪದಿದ್ದಾಗ ಕಾರಣ ಹೇಳಿದಳೆ?” ಎಂದು ಕೇಳೋಣ. ಮನೆಯಲ್ಲಿ ಊಟಕ್ಕೆ ಕುಳಿತಾಗ ಅವಳು ಕನ್ನಡದಲ್ಲಿ ತಡವರಿಸುತ್ತ ಏನನ್ನೋ ವಾದಿಸತೊಡಗಿದರೆ, ವಾಕ್ಯವನ್ನು ನಾವೇ ಮುಗಿಸಿಬಿಡದೆ ತುಸು ಕಾಯೋಣ. ಆಲಿಸುವುದನ್ನು ಮಕ್ಕಳು ಕಲಿಯುವುದು ತಮ್ಮನ್ನು ಆಲಿಸಿದವರಿಂದಲ್ಲವೆ?